ನೂರು ಚಾಪೆಯ ಛತ್ರ

ಕಂಪ್ಯೂಟರು ಮತ್ತಿಗಿರಿಗೆ ಬಂದದ್ದು ಹೊಸ ಮದುವಣಗಿತ್ತಿ ಬಂದ ಹಾಗೆ. ಜೀಪಿನ ಹಿಂದಿನ ಸೀಟಿನಲ್ಲಿ ಮೂರು ಕಂಬಳಿ, ಎರಡು ದಿಂಬು, ಅವುಗಳ ನಡುವೆ ಮೂರು ರಟ್ಟಿನ ಪೆಟ್ಟಿಗೆ. ಬೆಂಗಳೂರಿನಿಂದ ಆ ಜೀಪು ಎಷ್ಟು ನಿಧಾನವಾಗಿ ಬಂತೆಂದರೆ, ಅತ್ತಿಬೆಲೆ ಹತ್ತಿರ ಒಂದು ಮುದಿ ಎಮ್ಮೆ ಅದನ್ನು ಹಿಂದೆ ಹಾಕಿ ಮುಂದೆ ಹೋಯಿತು. ಎಮ್ಮೆ ಮನೆ ಸೇರಿ, ಹಾಲು ಕೊಟ್ಟು, ಆ ಹಾಲು ಹೆಪ್ಪಾಗಿ ಮೊಸರಾದ ಮೇಲೆ ಜೀಪು ಗುಲಾಬಿ ತೋಟದ ಗೇಟಿಗೆ ಬಂದು ನಿಂತಿತು.

ಅದು ಎಂಬತ್ತೆಂಟನೇ ಇಸವಿ, ಉಗಾದಿ ಕಳೆದ ವಾರ. ತೋಟದ ಯಜಮಾನ ಜಯರಾಮಯ್ಯ ತುಮಕೂರು ಕಡೆಯವರು. ಹೊಸೂರಿನ ಒಂದು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ, ಮತ್ತಿಗಿರಿಯ ಪಕ್ಕ ಆರು ಎಕರೆ ತೆಗೆದುಕೊಂಡು ಗುಲಾಬಿ ಗಿಡ ಬೆಳೆಸಿ ಮಾರುತ್ತಿದ್ದರು. ಆಳುಕಾಳೆಲ್ಲ ತಮಿಳಿನವರ ಬಾಯಿಂದ ಕಲಿತು ಅವರನ್ನು ‘ಮೊದಲಾಳಿ’ ಎನ್ನುತ್ತಿದ್ದರು. ಮೊದಲಾಳಿ ಚಪ್ಪಲಿ ಕಳಚಿ, ಪೆಟ್ಟಿಗೆಗಳನ್ನು ತಾವೇ ಒಳಗೆ ಹೊತ್ತುಕೊಂಡು ಹೋದರು. ಅಂದಿನಿಂದ ಆ ಕೋಣೆಯ ಬಾಗಿಲಲ್ಲಿ ಚಪ್ಪಲಿಗಳ ಸಾಲು ದೇವಸ್ಥಾನದ ಬಾಗಿಲಿಗಿಂತ ಉದ್ದವಾಯಿತು.

ಗೇಟಿನ ಹತ್ತಿರ ಕೈಯಲ್ಲಿ ಚಾಕು ಹಿಡಿದು ಇದನ್ನೆಲ್ಲ ನೋಡುತ್ತಾ ನಿಂತವಳು ಅಂಜಿನಮ್ಮ. ಬೇರಿಕೆ ಕಡೆಯವಳು, ದಿನಾ ಮೊದಲ ಬಸ್ಸಿಗೆ ಬರುವವಳು. ತೋಟದಲ್ಲಿ ಅವಳ ಕೆಲಸ ಕಣ್ಣು ಕೂರಿಸುವುದು. ಕಾಡು ಗುಲಾಬಿಯ ತೊಗಟೆಯನ್ನು ಉಗುರಿನಷ್ಟು ಸೀಳಿ, ಒಳ್ಳೆ ಜಾತಿಯ ಕಡ್ಡಿಯಿಂದ ಎಬ್ಬಿಸಿದ ಒಂದು ಚಿಗುರುಗಣ್ಣನ್ನು ಅದರೊಳಗೆ ಇಟ್ಟು, ಒದ್ದೆ ಬಾಳೆನಾರು ಸುತ್ತಿ ಎಡಗೈಯಲ್ಲಿ ಗಂಟು ಹಾಕುತ್ತಿದ್ದಳು. ಮೂರು ವಾರಕ್ಕೆ ಕಣ್ಣು ಊದಿಕೊಳ್ಳುತ್ತಿತ್ತು. ಅವಳ ಕೈಯಲ್ಲಿ ಒಣಗಿದ ಕಣ್ಣು ಇಲ್ಲವೇ ಇಲ್ಲ. ಬೇಕಾದರೆ ಬಾವಿಯ ರಾಟೆಯ ಮರಕ್ಕೆ ಕಣ್ಣು ಕೂರಿಸಿ ಹೂ ಬಿಡಿಸುತ್ತಾಳೆ ಎಂದು ಹೇಳುವವರೂ ಇದ್ದರು. ಹೇಳುವವರಲ್ಲಿ ಮೊದಲನೆಯವಳು ಅಂಜಿನಮ್ಮನೇ.

ಬಾವಿಯ ಪಕ್ಕದ ಪಾತಿಯಲ್ಲಿ ಅವಳದೇ ಒಂದು ಗುಲಾಬಿ ಇತ್ತು. ಮತ್ತಿಗಿರಿಯಲ್ಲಿ ಹಾಳುಬಿದ್ದ ಒಂದು ಬಂಗಲೆಯ ಗೋಡೆ ಮೇಲೆ ಅದು ಯಾರ ಹಂಗೂ ಇಲ್ಲದೆ ಹಬ್ಬಿತ್ತು. ಗೋಡೆ ಕೆಡವುವ ದಿನ ಅಂಜಿನಮ್ಮ ಒಂದು ಕಡ್ಡಿ ಮುರಿದು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಳು. ಒಂದು ಕಡ್ಡಿ ಹೋಗಿ ನಲವತ್ತು ಗಿಡವಾಯಿತು. ಹೆಸರಿಲ್ಲದ ಗುಲಾಬಿ, ಎಲ್ಲರ ಬಾಯಲ್ಲೂ ‘ಬಂಗಲೆ ಹೂ’. ಬೆಳಿಗ್ಗೆ ಶಂಖದ ಒಳಮೈಯ ಬಣ್ಣ, ಮಧ್ಯಾಹ್ನ ಮಜ್ಜಿಗೆಯ ಬಣ್ಣ, ಹೊತ್ತು ಇಳಿಯುವಾಗ ಮದುವೆ ನಿಶ್ಚಯವಾದ ಸುದ್ದಿ ಕೇಳಿದ ಹುಡುಗಿಯ ಕೆನ್ನೆಯ ಬಣ್ಣ. ಅದರ ವಾಸನೆಗೆ ಜೇನುಹುಳುಗಳು ಗೂಡಿನ ದಾರಿ ಮರೆತು ಆಂಧ್ರದ ಗಡಿ ದಾಟಿಹೋಗಿ ತೆಲುಗು ಕಲಿತುಕೊಂಡು ವಾಪಸು ಬಂದದ್ದುಂಟು.

ಅಂಜಿನಮ್ಮನಿಗೆ ಮಕ್ಕಳಿಲ್ಲ. ಮೂವತ್ತಕ್ಕೇ ಗಂಡ ಹೋದ. ದಿನಕ್ಕೆ ಸಾವಿರ ಹೂ ಮುಟ್ಟುವ ಕೈ ತಲೆಯ ಹತ್ತಿರ ಹೋದರೆ ಬರೀ ಬೆವರು ಒರೆಸಿಕೊಂಡು ಕೆಳಗಿಳಿಯುತ್ತಿತ್ತು. ಎಷ್ಟು ಮಕ್ಕಳು ಎಂದು ಯಾರಾದರೂ ಕೇಳಿದರೆ, “ನಲವತ್ತು ಜನ ಅವ್ರೆ, ಎಲ್ಲಾ ಬಾವಿ ತಾವ್ಲೇ ಇರ್ತಾರೆ” ಎನ್ನುತ್ತಿದ್ದಳು.

ಕಂಪ್ಯೂಟರ್ ಕೋಣೆಗೆ ಒಡತಿ ಭಾಗ್ಯಮ್ಮ. ಇಪ್ಪತ್ತೆರಡರ ಹುಡುಗಿ. ಮಾಗಡಿ ಕಡೆಯಿಂದ ಬಂದು ಆಲಸನತ್ತಂನಲ್ಲಿ ಮನೆ ಮಾಡಿದವರ ಮಗಳು. ಬೆಂಗಳೂರಿನಲ್ಲಿ ಆರು ತಿಂಗಳು ಕಂಪ್ಯೂಟರು ಕಲಿತಿದ್ದಳು. ತೋಟದ ಗುಲಾಬಿ ಜಾತಿಗಳನ್ನೆಲ್ಲ ಯಂತ್ರದೊಳಗೆ ಸೇರಿಸುವುದು, ಒಂದೊಂದಕ್ಕೂ ಒಂದು ನಂಬರು ಕೊಡುವುದು, ಗಿಡ ಎಷ್ಟಿವೆ, ಯಾರು ಎಷ್ಟು ಕೇಳಿದರು ಎಂದು ನೋಡಿಕೊಳ್ಳುವುದು, ವರ್ಷಕ್ಕೊಮ್ಮೆ ಲಿಸ್ಟು ಹೊರಡಿಸುವುದು ಅವಳ ಕೆಲಸ. ಇದಕ್ಕಾಗಿ ಯಂತ್ರದ ಜೊತೆ ಒಂದು ಪ್ಯಾಕೇಜು ಬಂದಿತ್ತು. ಪ್ಯಾಕೇಜು ಎಂದರೆ ಕೈಯಗಲದ ತೆಳು ಕಪ್ಪು ಚೌಕ, ಫ್ಲಾಪಿ. ಕಂಪ್ಯೂಟರಿನ ಬುದ್ಧಿಯೆಲ್ಲ ಅದರೊಳಗೆ. ಮಾರಲು ಬಂದಿದ್ದವನು ಮೂರು ಪ್ಯಾಕೇಜು ತೋರಿಸಿದ್ದ. ನೂರು ಹೆಸರು ಹಿಡಿಯುವುದು, ಸಾವಿರ ಹಿಡಿಯುವುದು, ಎಷ್ಟು ಬೇಕಾದರೂ ಹಿಡಿಯುವುದು. ಜಯರಾಮಯ್ಯ ದೇವರ ಪ್ರಸಾದಕ್ಕೂ ಚೌಕಾಸಿ ಮಾಡುವ ಮನುಷ್ಯ.

“ನನ್ನ ಹತ್ರ ಇರೋದೇ ಎಪ್ಪತ್ತೆಂಟು ಜಾತಿ,” ಎಂದಿದ್ದರು. “ಸಾವಿರ ತಗೊಂಡು ನಾನೇನು ಉಪ್ಪಿನಕಾಯಿ ಹಾಕ್ಲಾ? ಚಿಕ್ಕದು ಕೊಡಿ.”

ಭಾಗ್ಯ ಹೆಸರು ಸೇರಿಸಲು ಶುರು ಮಾಡಿದ ದಿನ ಅಂಜಿನಮ್ಮ ಕಾಲು ತೊಳೆದುಕೊಂಡು ಬಂದು ಹೊಸ್ತಿಲಲ್ಲಿ ಕೂತಳು. ಕತ್ತಲ ಗಾಜಿನ ಮೇಲೆ ಹಸಿರು ಅಕ್ಷರಗಳು ಒಂದರ ಹಿಂದೊಂದು ಮಿಂಚುಹುಳುವಿನಂತೆ ಹೊತ್ತಿಕೊಂಡವು. ಅಂಜಿನಮ್ಮನಿಗೆ ಓದು ಬರದು. ನೋಡುತ್ತಾ ನೋಡುತ್ತಾ ಅವಳಿಗೆ ಅದು ಅಕ್ಷರದ ಹಾಗೆ ಕಾಣಲಿಲ್ಲ, ನೀರಿನ ತಳದಲ್ಲಿ ಯಾರೋ ಬಿತ್ತನೆ ಮಾಡುತ್ತಿರುವ ಹಾಗೆ ಕಂಡಿತು.

“ದೊಡ್ಡಮ್ಮ, ನಿನ್ನ ಬಂಗಲೆ ಹೂ ಸೇರ್ಸ್ಲಾ ಈಗ?” ಭಾಗ್ಯ ಕೇಳಿದಳು.

“ನಂದು ಕೊನೀಗೆ ಬರ್ಲಿ ಬಿಡವ್ವ. ಬಂದ ನೆಂಟ್ರು ಮೊದ್ಲು ಉಣ್ಲಿ. ಮನೆ ಹೆಣ್ಮಕ್ಳು ಯಾವತ್ತು ಮೊದ್ಲ ಪಂಕ್ತೀಲಿ ಕೂತವ್ರೆ?”

ಅವಳ ಮನೆಯಲ್ಲಿ ಅದೇ ಪದ್ಧತಿ. ಅವಳ ತಾಯಿಯ ಮನೆಯಲ್ಲಿ, ಅತ್ತೆಯ ಮನೆಯಲ್ಲಿ, ಆ ಸೀಮೆಯ ಎಲ್ಲರ ಮನೆಯಲ್ಲೂ ಅದೇ. ಕೊನೆಗೆ ತಳದಲ್ಲಿ ಏನೋ ಉಳಿದಿರುತ್ತದೆ, ಕೆರೆದುಕೊಂಡು ಉಂಡರೆ ಅದಕ್ಕೇ ರುಚಿ ಜಾಸ್ತಿ. ಆದರೆ ನೆಂಟರು ಬರುತ್ತಲೇ ಇದ್ದರು. ಊಟಿಯಿಂದ ಆರು ಜಾತಿ ಬಂದವು. ದಿಲ್ಲಿಯಿಂದ ಹತ್ತು ಬಂದವು. ಜಯರಾಮಯ್ಯನವರ ಸ್ನೇಹಿತರೊಬ್ಬರು ಮೂರು ಜಾತಿ ತಂದು, ಅವಕ್ಕೆ ತಮ್ಮ ಮೂರು ಸೊಸೆಯರ ಹೆಸರಿಟ್ಟರು. ಶ್ರಾವಣ ಮುಗಿಯುವ ಹೊತ್ತಿಗೆ ಪುಣೆಯ ಮೂರು ಜಾತಿಗೆ ಮುಂಗಡ ಹೋಯಿತು. ಇನ್ನೂ ರೈಲು ಹತ್ತದ ಗಿಡಗಳಿಗೆ ತೊಂಬತ್ತೆಂಟು, ತೊಂಬತ್ತೊಂಬತ್ತು, ನೂರು ಎಂದು ನಂಬರು ಸಿಕ್ಕಿತು. ಆಮೇಲೆ ಭಾಗ್ಯ ಬಂಗಲೆ ಹೂವಿನ ಹೆಸರು ಒತ್ತಿದಳು. ಯಂತ್ರ ಒಂದು ಸಲ ಕೀಂ ಎಂದಿತು, ಹೆಸರು ಹಿಡಿಯಲಿಲ್ಲ.

“ಇನ್ನೊಂದ್ ಸಾರಿ ಒತ್ತು ಕಣವ್ವ.”

“ಎಷ್ಟ್ ಸಾರಿ ಒತ್ತಿದ್ರೂ ಅಷ್ಟೇ ದೊಡ್ಡಮ್ಮ. ಜಾಗ ಇಲ್ಲ ಅಂತೈತೆ.”

“ಬೇರಿಕೆ ಬಸ್ಸು ನೋಡಿದ್ದೀಯಾ ನೀನು? ಐವತ್ತು ಸೀಟು. ಸಂತೆ ದಿನ ಇನ್ನೂರು ಜನ ಬತ್ತಾರೆ, ಹನ್ನೆಲ್ಡು ಕುರಿ ಬತ್ತವೆ, ಕುರಿ ಮೇಲೆ ಕಂಡಕ್ಟ್ರು ಕೂತ್ಕಂಡು ಟಿಕೀಟು ಹರೀತಾನೆ. ನಂದೊಂದು ಹೂವು ನಿಂತ್ಕಂಡು ಬರಾಕಾಗಾಕಿಲ್ವಾ?”

“ಈ ಬಸ್ನಾಗೆ ನಿಂತ್ಕಂಡು ಬರಂಗಿಲ್ಲ. ನೂರು ಸೀಟು, ಮುಗೀತು. ಇದು ಅಗ್ಗದ ಪ್ಯಾಕೇಜು ದೊಡ್ಡಮ್ಮ.”

“ಹಂಗಾದ್ರೆ ಎಪ್ಪತ್ತೊಂಬತ್ನೇ ನಂಬ್ರು ಸತ್ತೋಯ್ತಲ್ಲ ಗೆದ್ದಲು ತಿಂದು. ಅದನ್ನ ಎಬ್ಸಿ ನಮ್ಮುಡ್ಗೀನ ಕೂರ್ಸು.”

ಭಾಗ್ಯ ನಿಟ್ಟುಸಿರು ಬಿಟ್ಟಳು. “ಎಬ್ಸಿ ಆಗೈತೆ. ಹೆಸ್ರು ಅಳಿಸ್ಬೋದು, ಜಾಗ ಹಂಗೇ ಬಿದ್ದಿರ್ತೈತೆ. ಛತ್ರದಾಗೆ ಮಲಗಿದ್ದೋರು ಎದ್ದೋದ್ರೂ ಚಾಪೆ ಹಾಸೇ ಇರ್ತದಲ್ಲ, ಹಂಗೆ. ಚಾಪೆ ಸುತ್ತಿ ಇನ್ನೊಬ್ರಿಗೆ ಹಾಸೋದು ದೊಡ್ಡ ಪ್ಯಾಕೇಜಿಗೆ ಮಾತ್ರ ಬತ್ತದೆ.”

“ಸತ್ತೋರಿಗೂ ಚಾಪೆ, ರೈಲು ಹತ್ತದೋರಿಗೂ ಚಾಪೆ,” ಎಂದಳು ಅಂಜಿನಮ್ಮ. “ಬಾವಿ ತಾವ ಉಸಿರಾಡ್ಕಂಡು ನಿಂತಿರೋರು ಮಾತ್ರ ಬೀದೀಲಿ.”

ಜಯರಾಮಯ್ಯ ಮಾತು ಉದ್ದ ಮಾಡಲಿಲ್ಲ. “ಲಿಸ್ಟಲ್ಲಿ ಇಲ್ದಿದ್ದನ್ನ ಯಾರೂ ಕೇಳಲ್ಲ ಅಂಜಿನಮ್ಮ. ಕೇಳದೆ ಇರೋದಕ್ಕೆ ನೀರು ಹಾಕೋದು ಹೇಗೆ? ಪೊಂಗಲ್ ಆದ್ಮೇಲೆ ಪುಣೆ ಗಿಡ ಬರ್ತವೆ, ಬಾವಿ ಹತ್ರದ ಪಾತಿ ಬಿಡಿಸ್ಬೇಕು. ನಿನ್ನ ಗಿಡ ಬೇಕಾದ್ರೆ ಒಂದೆರಡು ಮನೆಗೆ ತಗೊಂಡೋಗು.”

ಅಂಜಿನಮ್ಮನ ಮನೆಯ ಮುಂದೆ ಇರುವುದು ಬಂಡೆ. ಅಲ್ಲಿ ಗುಲಾಬಿ ಇರಲಿ, ಹಲ್ಲಿಯೂ ಬೇರು ಬಿಡಲಾರದು. ಅವಳು ಹೂಂ ಎಂದು ಬಂದಳು. ಆ ದಿನ ಅವಳು ಕೂರಿಸಿದ ಕಣ್ಣುಗಳಲ್ಲಿ ಎರಡು ಒಣಗಿದವು. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ಇನ್ನು ದಾರಿ ಇಲ್ಲ ಎಂದುಕೊಂಡಿರುವಾಗ ದಸರೆಗೆ ಮುಂಚೆ ಬೆಂಗಳೂರಿನಿಂದ ಕಾಗದ ಬಂತು. ಹಳೇ ಗಿರಾಕಿಗಳಿಗೆ ಹಬ್ಬದ ರಿಯಾಯಿತಿ, ಅರ್ಧ ಬೆಲೆಗೆ ದೊಡ್ಡ ಪ್ಯಾಕೇಜು. ಅರ್ಧ ಬೆಲೆ ಎಂಬ ಮಾತು ಕೇಳಿದರೆ ಜಯರಾಮಯ್ಯ ಗಂಟಲು ನೋವಿಲ್ಲದಿದ್ದರೂ ಕಷಾಯ ಕುಡಿಯುವವರು. ಒಪ್ಪಿಕೊಂಡರು. ಆಯುಧಪೂಜೆಯ ಬೆಳಿಗ್ಗೆಯೇ ಟಪಾಲಿನಲ್ಲಿ ಒಂದು ಫ್ಲಾಪಿ ಬಂತು. ಪೂಜೆ ಮುಗಿಸಿಕೊಂಡು ಅದನ್ನು ಯಂತ್ರಕ್ಕೆ ಹಾಕುವುದೆಂದಾಯಿತು. ಭಾಗ್ಯ ಫ್ಲಾಪಿಯನ್ನು ತಿರುಗಿಸಿ ತೋರಿಸಿದಳು. ಕಪ್ಪು ಚೌಕದ ನಡುವೆ ಒಂದು ಉದ್ದನೆಯ ಸೀಳು, ಅದರೊಳಗೆ ಕಂದು ಬಣ್ಣದ ನುಣುಪಾದ ಮೈ.

“ಇದ್ರಾಗೆ ಸಾವ್ರ ಚಾಪೆ ಐತೆ ದೊಡ್ಡಮ್ಮ. ಯಂತ್ರ ಇದನ್ನ ನೋಡೋದು ಈ ಸೀಳ್ನಿಂದ.”

“ಅಂಗಂದ್ರೆ ಇದೇ ಕಣ್ಣು,” ಎಂದಳು ಅಂಜಿನಮ್ಮ. ಕಣ್ಣಿನ ವಿಷಯ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಜಯರಾಮಯ್ಯ ಪಂಪ್‌ಸೆಟ್ಟಿನಿಂದ ಕತ್ತರಿಯವರೆಗೆ ಎಲ್ಲದಕ್ಕೂ ಬೊಟ್ಟಿಡಿ ಎಂದು ಕೂಗಿ ಹೇಳಿ ಜೀಪು ತೊಳೆಸಲು ಹೋದರು. ತೋಟದ ಮೇಸ್ತ್ರಿ ಆವುಲಪ್ಪ ಸನಿಕೆ ಗುದ್ದಲಿಗಳ ಕಡೆ ಹೋದ. ಗಂಧ ತೇಯುವ ಪಾಲು ಅಂಜಿನಮ್ಮನದು. ಅವಳು ಅಂದು ತೇಯ್ದ ಗಂಧದಲ್ಲಿ ಒಂದು ಆನೆಗೆ ಸ್ನಾನ ಮಾಡಿಸಬಹುದಿತ್ತು. ಕತ್ತರಿಗೆ ಇಟ್ಟಳು, ಚಾಕುವಿಗೆ ಇಟ್ಟಳು, ಕಂಪ್ಯೂಟರಿನ ಹಣೆಗೆ ಇಟ್ಟಳು. ಕೊನೆಗೆ ಫ್ಲಾಪಿಯ ಮುಂದೆ ಕೂತು, ಸೆರಗಿನಿಂದ ಕೈ ಒರೆಸಿಕೊಂಡು, ಮನಸ್ಸಿನಲ್ಲೇ ಬೇಡಿಕೊಂಡಳು: ತಾಯಿ, ಸಾವಿರದಲ್ಲಿ ಒಂದು, ಮೂಲೆಯಾದರೂ ಸರಿ. ಬೇಡಿಕೊಂಡು, ದಪ್ಪನೆಯ ಗಂಧವನ್ನು ಉಂಗುರದ ಬೆರಳಲ್ಲಿ ತೆಗೆದು, ಸೀಳಿನ ಒಳಗೆ, ನುಣುಪು ಮೈಗೆ, ಈ ಕಡೆಯೂ ಆ ಕಡೆಯೂ ಹಚ್ಚಿ, ಅದರ ಮೇಲೆ ಕುಂಕುಮ ಇಟ್ಟಳು.

ಭಾಗ್ಯ ಬಂದು ನೋಡಿದಾಗ ಗಂಧ ಒಣಗಿತ್ತು. ಹತ್ತಿಯಿಂದ ಒರೆಸಿದಳು, ಒರೆಸಿದಷ್ಟೂ ಕೆಂಪು ಹರಡಿತು. ಆದರೂ ಯಂತ್ರದೊಳಗೆ ಹಾಕಿದಳು. ಯಂತ್ರ ಹಲ್ಲಿಲ್ಲದ ಮುದುಕ ಹುರಿಗಡಲೆ ಜಗಿದ ಹಾಗೆ ಕರಕರ ಎಂದು, ಸುಮ್ಮನಾಯಿತು. ಇನ್ನೊಂದು ಪ್ರತಿ ಇಟ್ಟುಕೊಂಡಿರಲಿಲ್ಲ. ಯಾರೂ ನಕಲು ಮಾಡಬಾರದೆಂದು ಕಂಪನಿಯವರು ಆ ಫ್ಲಾಪಿಗೆ ಒಳಗಿಂದಲೇ ಬೀಗ ಹಾಕಿ ಕಳಿಸಿದ್ದರು.

“ನಾನೇ ಸ್ವಾಮಿ,” ಎಂದಳು ಅಂಜಿನಮ್ಮ. ಜಯರಾಮಯ್ಯ ಇನ್ನೂ ಏನೂ ಕೇಳಿರಲಿಲ್ಲ. “ಕಣ್ಣಿಗೆ ಗಂಧ ಇಟ್ಟೆ. ಒಳ್ಳೇದಾಗ್ಲಿ ಅಂತ ಇಟ್ಟೆ.”

ಅವರು ಕೆಂಪಾದ ಫ್ಲಾಪಿಯನ್ನೂ ಅವಳನ್ನೂ ನೋಡಿದರು. ಬೈಯಲು ಬಾಯಿ ತೆರೆದವರು ಅಲ್ಲೇ ನಿಲ್ಲಿಸಿದರು.

“ಎಲ್ಲಾದಕ್ಕೂ ಇಡಿ ಅಂದೋನು ನಾನೇ,” ಎಂದರು. “ಆದ್ರೆ ಇನ್ನೊಂದಕ್ಕೆ ಪೂರ್ತಿ ಬೆಲೆ ಕೇಳ್ತಾರೆ. ಅದು ನನ್ನ ಕೈಯಲ್ಲಿ ಆಗಲ್ಲ. ಲಿಸ್ಟು ಇರೋ ಹಾಗೇ ಹೋಗುತ್ತೆ.”

ಆಮೇಲಿನ ದಿನಗಳು ಮಂಜಿನೊಳಗೆ ಬಂದು ಮಂಜಿನೊಳಗೇ ಹೋದವು. ಹೊಸೂರಿನ ಮಂಜು ಆ ವರ್ಷ ಎಷ್ಟು ದಟ್ಟವಾಗಿತ್ತೆಂದರೆ, ಜನ ಅದನ್ನು ಕೈಯಿಂದ ಸರಿಸಿ ಕಿಟಕಿ ಮಾಡಿಕೊಂಡು ಒಬ್ಬರನ್ನೊಬ್ಬರು ಮಾತಾಡಿಸುತ್ತಿದ್ದರು. ಅಂಜಿನಮ್ಮ ಬಸ್ಸಿನಿಂದ ಇಳಿದು ತೋಟಕ್ಕೆ ನಡೆಯುವಾಗ ಕಾಲು ಕಾಣುತ್ತಿರಲಿಲ್ಲ. ತಾನು ನಡೆಯುತ್ತಿದ್ದೇನೋ, ಯಾರೋ ತನ್ನನ್ನು ಸೊಂಟದಲ್ಲಿ ಎತ್ತಿಕೊಂಡು ಹೋಗುತ್ತಿದ್ದಾರೋ ತಿಳಿಯುತ್ತಿರಲಿಲ್ಲ. ಬಾವಿಯ ಹತ್ತಿರ ಬಂದಾಗ ಮಂಜಿನೊಳಗಿಂದ ಮೊದಲು ವಾಸನೆ ಬರುತ್ತಿತ್ತು, ಆಮೇಲೆ ಹೂ. ಅವಳು ಗಿಡಗಳನ್ನು ಬೈಯುತ್ತಿದ್ದಳು. ಇಷ್ಟೊಂದು ಯಾಕೆ ಬಿಡ್ತೀರ್ರೇ, ಯಾರು ಕೇಳವ್ರೆ ನಿಮ್ಮನ್ನ, ಸುಮ್ಕೆ ನಿಂತ್ಕಳಾಕೆ ಏನು ದಾಡಿ. ಗಿಡಗಳು ಇನ್ನೂ ನಾಲ್ಕು ಜಾಸ್ತಿ ಬಿಡುತ್ತಿದ್ದವು.

ಒಂದು ಮಧ್ಯಾಹ್ನ ಮುದ್ದೆ ಉಂಡು ಹೊಂಗೆ ಮರದ ಕೆಳಗೆ ಒರಗಿದವಳಿಗೆ ನಿದ್ದೆ ಹತ್ತಿತು. ನಿದ್ದೆಯೊಳಗೆ ಒಂದು ಛತ್ರ ಕಂಡಿತು. ಹಸಿರು ಬೆಳಕಿನ ಛತ್ರ, ಗೋಡೆಯಿಲ್ಲ, ಬರೀ ಬೆಳಕು. ಅದರೊಳಗೆ ನೂರು ಚಾಪೆ, ಒಂದೊಂದರ ಮೇಲೆ ಒಬ್ಬೊಬ್ಬ ಹೆಂಗಸು. ದಿಲ್ಲಿಯವರು ಕಾಲು ಚಾಚಿ ಕೂತಿದ್ದರು. ಮೂವರು ಸೊಸೆಯಂದಿರು ಒಬ್ಬರಿಗೊಬ್ಬರು ಬೆನ್ನು ತಿರುಗಿಸಿದ್ದರು. ಎಪ್ಪತ್ತೊಂಬತ್ತರ ಚಾಪೆಯ ಮೇಲೆ ಒಂದು ಹಿಡಿ ಮಣ್ಣು. ಪುಣೆಯವರ ಮೂರು ಚಾಪೆ ಖಾಲಿ. ಹೊಸ್ತಿಲ ಆಚೆ, ಹನಿಯುವ ಮಂಜಿನಲ್ಲಿ, ಶಂಖದ ಬಣ್ಣದ ಸೀರೆಯುಟ್ಟ ಒಬ್ಬಳು ನಿಂತಿದ್ದಳು. ಅಂಜಿನಮ್ಮ ಒಳಗಿದ್ದವರನ್ನೆಲ್ಲ ಬೇಡಿದಳು, ಚೂರು ಸರ್ಕೊಳ್ರೇ ಎಂದಳು. ಯಾರೂ ಸರಿಯಲಿಲ್ಲ; ಸರಿಯಲು ಅವರಿಗೆ ಬರುತ್ತಲೇ ಇರಲಿಲ್ಲ. ಆಗ ಒಂದು ಮೂಲೆಯಿಂದ, ಅಗಲ ಮುಖದ, ಗಟ್ಟಿ ಮೊಣಕೈಯ ಒಬ್ಬ ಹೆಂಗಸು ತಲೆ ಎತ್ತಿ, ಬಾರೆ, ಚಾಪೆ ಸರ್ಸಾಕಾಗಾಕಿಲ್ಲ, ನನ್ನ ತೊಡೆ ಮೇಲೆ ಕೂತ್ಕೋ ಬಾ ಎಂದಳು. ಅಂಜಿನಮ್ಮ ಆ ಮುಖ ಗುರುತಿಸಿದಳು. ಅದು ಹದಿನೇಳನೇ ನಂಬರು.

ಎದ್ದಾಗ ಇನ್ನೂ ಉಂಡ ತಟ್ಟೆಯ ಮೇಲೆ ಬಿಸಿಲಿತ್ತು. ಅವಳು ತಟ್ಟೆ ತೊಳೆಯಲೂ ನಿಲ್ಲಲಿಲ್ಲ.

ಹದಿನೇಳು ಒಂದು ಪೆದ್ದ ಕೆಂಪು ಗುಲಾಬಿ. ಕಾಂಡ ಎಮ್ಮೆಯ ಕಾಲಿನಷ್ಟು ಗಟ್ಟಿ, ಹೂವಿಗೆ ವಾಸನೆಯೇ ಇಲ್ಲ. ಮೂರು ವರ್ಷದಿಂದ ಅರವತ್ತು ಗಿಡ ಮಣ್ಣು ತುಂಬಿದ ಚೀಲಗಳಲ್ಲಿ ಬೇಲಿಯ ಪಕ್ಕ ನಿಂತಿದ್ದವು, ಒಬ್ಬರೂ ಕೇಳಿರಲಿಲ್ಲ. ಅಂಜಿನಮ್ಮ ಬಂಗಲೆ ಹೂವಿನ ಕಡ್ಡಿಗಳನ್ನು ಮಡಿಲಲ್ಲಿ ತುಂಬಿಕೊಂಡು ಹೋಗಿ ಅವುಗಳ ನಡುವೆ ಕೂತಳು. ಒಂದೊಂದು ಗಿಡದ ಒಂದು ಕೊಂಬೆಯ ತೊಗಟೆ ಸೀಳಿ ಕಣ್ಣು ಇಟ್ಟಳು, ನಾರು ಕಟ್ಟಿದಳು. ದಿನಕ್ಕೆ ಹತ್ತು, ಊಟದ ಹೊತ್ತಿನಲ್ಲಿ ಮಾತ್ರ. ಕೆಲಸದ ಹೊತ್ತಿನಲ್ಲಿ ಮೊದಲಾಳಿಯ ಕೆಲಸ. ಮೂರನೇ ದಿನ ಭಾಗ್ಯ ಹುಡುಕಿಕೊಂಡು ಬಂದಳು.

“ಏನ್ ಮಾಡ್ತಿದ್ದೀಯ ದೊಡ್ಡಮ್ಮ? ಇದು ಹದಿನೇಳಲ್ವಾ?”

“ಹದಿನೇಳೇ. ಕೆಂಪು ಹಂಗೇ ಇರ್ತೈತೆ. ಪಕ್ಕದಾಗೆ ನಮ್ಮುಡ್ಗಿ ಒಂದು ರೆಂಬೆ ಇರ್ತಾಳೆ, ಅಷ್ಟೇಯ.”

“ಒಂದೇ ಗಿಡದಾಗೆ ಎಲ್ಡು ಹೂವಾ? ಮೊದಲಾಳಿ ಕೇಳಿದ್ರೆ ನಾನೇನ್ ಹೇಳ್ಲಿ?”

“ಅವರು ಯಾವತ್ತು ರೆಂಬೆ ಕೇಳವ್ರೆ? ಗಿಡ ಎಷ್ಟು ಅಂತ ಕೇಳ್ತಾರೆ, ಅರವತ್ತು ಅನ್ನು. ನಿನ್ನ ಯಂತ್ರಾನೂ ಅಷ್ಟೇಯ ಅಲ್ವಾ? ಗಿಡ ಎಣಿಸ್ತೈತೆ, ರೆಂಬೆ ಎಣಿಸಾಕೆ ದೊಡ್ಡ ಪ್ಯಾಕೇಜು ಬೇಕೇನೋ.”

ಭಾಗ್ಯ ಬೇಲಿಯ ಆಚೆ ಈಚೆ ಒಮ್ಮೆ ನೋಡಿದಳು. ಆಮೇಲೆ ಲಂಗ ಎತ್ತಿಕೊಂಡು ಪಕ್ಕದಲ್ಲಿ ಕೂತು, ಬಾಳೆನಾರನ್ನು ಸೀಳಿ ಸೀಳಿ ಅವಳ ಕೈಗೆ ಕೊಡತೊಡಗಿದಳು.

ಕಾರ್ತಿಕ ಮುಗಿಯುವ ಹೊತ್ತಿಗೆ ಅರವತ್ತರಲ್ಲಿ ಐವತ್ತೆಂಟು ಕಣ್ಣು ಚಿಗುರಿದವು. ಅಂಜಿನಮ್ಮನ ಬಾಯಲ್ಲಿ ಅದು ಅರವತ್ತೊಂದು. ಡಿಸೆಂಬರಿನಲ್ಲಿ ಒಂದು ಕಾರ್ಖಾನೆಯವರು ಬಂದರು. ಆಲಸನತ್ತಂ ಕಡೆ ಅವರ ಹೊಸ ಗೇಟು, ಗೇಟಿನ ಎರಡೂ ಕಡೆ ಗಿಡ ಬೇಕು, ಯಾವುದಾದರೂ ಸರಿ, ಗಟ್ಟಿ ಇರಬೇಕು, ಅಗ್ಗ ಇರಬೇಕು. ಜಯರಾಮಯ್ಯ ಲಿಸ್ಟು ನೋಡಿ ಹದಿನೇಳು ಎಂದರು. ಅರವತ್ತೂ ಒಂದೇ ಲಾರಿಯಲ್ಲಿ ಹೊರಟವು. ಅಂಜಿನಮ್ಮ ಗೇಟಿನಲ್ಲಿ ನಿಂತು ನೋಡಿದಳು. ಮೊಗ್ಗು ಇನ್ನೂ ಬಂದಿರಲಿಲ್ಲ. ಮುಖ ತೋರಿಸದೆ ಸೆರಗು ಹೊದ್ದುಕೊಂಡು ಹೋದ ಹಾಗೆ ಹೋದವು.

ಅಲ್ಲಿಗೆ ಅವಳ ಕೈಯಲ್ಲಿ ಆಗುವುದು ಮುಗಿದಿತ್ತು. ಐವತ್ತೆಂಟು ರೆಂಬೆ ಎಲ್ಲೋ ಬದುಕುತ್ತವೆ. ಆದರೆ ಬಾವಿ ಹತ್ತಿರದ ನಲವತ್ತು? ಪೊಂಗಲ್ ದಿನ ದಿನಕ್ಕೂ ಹತ್ತಿರ ಬಂತು.

ಹಬ್ಬದ ಮಾರನೆಯ ದಿನ ದನಗಳ ಕೊಂಬಿಗೆಲ್ಲ ಬಣ್ಣ. ಮಂಜಿನಲ್ಲಿ ದನ ಕಾಣದೆ ಬರೀ ನೀಲಿ ಕೊಂಬು, ಕೆಂಪು ಕೊಂಬು ತೇಲಿ ಹೋಗುತ್ತಿದ್ದವು. ಅಂಜಿನಮ್ಮ ಬಂದಾಗ ಆವುಲಪ್ಪ ಆಗಲೇ ಗುದ್ದಲಿ ಹಿಡಿದು ಪಾತಿಯಲ್ಲಿದ್ದ.

“ನೀನು ಬರೋದ್ರೊಳಗೆ ಮುಗಿಸ್ಬುಡಾನ ಅಂದ್ಕಂಡೆ ಅಂಜಿನಕ್ಕ,” ಎಂದ. “ನಿನ್ ಕಣ್ಣೆದುರ್ಗೆ ಬ್ಯಾಡ ಅಂತ.”

“ನೀನು ಅಗಿ ಕಣ್ಲಾ. ನಾನು ಕೂತ್ಕಂಡು ನೋಡ್ತೀನಿ. ನೀನು ಯಾವತ್ತು ನೆಟ್ಟಗೆ ಅಗ್ದಿದ್ದೀಯ? ಬೇರು ತುಂಡಾಗದಂಗೆ ಅಗಿ.”

ಅವಳು ಬಾವಿಯ ಕಟ್ಟೆಯ ಮೇಲೆ ಕೂತಳು. ಒಂದು ಗಿಡ ಬಿತ್ತು. ಎರಡು ಬಿತ್ತು. ಬೀಳುವಾಗ ಹೂವಿನ ಎಸಳು ಉದುರಲಿಲ್ಲ, ಹಾಗೇ ಮಲಗಿದವು. ಮಂಜು ಕರಗುತ್ತಿತ್ತು. ಅವಳಿಗೆ ಇದೂ ಮರದ ಕೆಳಗಿನ ನಿದ್ದೆಯೇ ಇರಬಹುದು ಅನ್ನಿಸಿ ತೊಡೆಯನ್ನು ಜಿಗುಟಿಕೊಂಡಳು. ನೋವಾಯಿತು. ಏಳನೇ ಗಿಡ ಬಿದ್ದಾಗ ಕಂಪ್ಯೂಟರ್ ಕೋಣೆಯ ಕಡೆಯಿಂದ ಇಬ್ಬರು ಬರುವುದು ಕಂಡಿತು. ಮುಂದೆ ಜಯರಾಮಯ್ಯ, ಬರಿಗಾಲಿನಲ್ಲಿ. ಹಿಂದೆ ಭಾಗ್ಯ, ಕೈಯಲ್ಲಿ ಯಂತ್ರದಿಂದ ಹೊರಬಂದ ಕಾಗದ.

“ಆವುಲಪ್ಪ, ನಿಲ್ಸು,” ಎಂದರು ಜಯರಾಮಯ್ಯ. ಆಮೇಲೆ ಅಂಜಿನಮ್ಮನ ಕಡೆ ತಿರುಗಿದರು. “ಹದಿನೇಳಕ್ಕೆ ನೂರಾ ಎಂಬತ್ತು ಜನ ಬರೆಸಿದ್ದಾರೆ. ಹತ್ತು ದಿನದಲ್ಲಿ. ಮೂರು ವರ್ಷದಿಂದ ಒಬ್ಬ ಕೇಳಿರ್ಲಿಲ್ಲ. ಯಾಕೆ ಅಂತ ಗೊತ್ತಾ ನಿನಗೆ?”

“ನಂಗೇನ್ ಗೊತ್ತು ಸ್ವಾಮಿ. ನಂಗೆ ಓದು ಬರಲ್ಲ.”

“ನನಗೂ ಗೊತ್ತಾಗ್ಲಿಲ್ಲ. ಎಲ್ರೂ ಕಾರ್ಖಾನೆ ಗೇಟಿನ ಗಿಡ ಅಂತಿದ್ರು, ಅದಕ್ಕೆ ನಿನ್ನೆ ಹಬ್ಬದ ಊಟ ಬಿಟ್ಟು ಆ ಗೇಟಿಗೆ ಹೋಗಿದ್ದೆ. ಶಿಫ್ಟು ಬಿಟ್ಟ ಜನ ಮನೆಗೆ ಹೋಗದೆ ಗಿಡದ ಹತ್ರ ನಿಂತಿದ್ದಾರೆ. ಒಂದೇ ಗಿಡದಲ್ಲಿ ಒಂದು ಕೆಂಪು, ಒಂದು ಬೇರೆ. ಮೂಸಿ ನೋಡಿದೆ. ಕಣ್ಣಿನ ಬುಡದಲ್ಲಿ ಬಾಳೆನಾರಿನ ಗಂಟು ಇನ್ನೂ ಇತ್ತು. ಎಡಗೈ ಗಂಟು.”

ಅಂಜಿನಮ್ಮ ತನ್ನ ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು. ಆಮೇಲೆ ಹೊರಗೆ ತೆಗೆದಳು.

“ನಾನೇ ಸ್ವಾಮಿ,” ಎಂದಳು. “ಊಟದ ಹೊತ್ನಾಗೆ ಮಾಡ್ದೆ. ನಿಮ್ ಲಿಸ್ಟು ನಾನು ಮುಟ್ಟಿಲ್ಲ. ಅದ್ರಾಗೆ ನೂರಿದ್ರೆ ಈಗ್ಲೂ ನೂರೇ ಐತೆ. ನಂದುಕ್ಕೆ ಚಾಪೆ ಸಿಗ್ಲಿಲ್ಲ, ಅದ್ಕೆ ಒಬ್ರ ತೊಡೆ ಮೇಲೆ ಕೂರಿಸ್ದೆ. ಬೈಯೋದಿದ್ರೆ ಬೈದ್ಬುಡಿ. ಆ ಮಗೂನ ಏನೂ ಅನ್ಬ್ಯಾಡಿ.”

ಭಾಗ್ಯ ಕಾಗದವನ್ನು ಎದೆಗೆ ಹಿಡಿದುಕೊಂಡಿದ್ದಳು. ಜಯರಾಮಯ್ಯ ಬಿದ್ದಿದ್ದ ಏಳು ಗಿಡಗಳನ್ನು ನೋಡಿದರು, ನಿಂತಿದ್ದ ಸಾಲನ್ನು ನೋಡಿದರು. ಅವರ ಮನಸ್ಸಿನಲ್ಲಿ ಲೆಕ್ಕ ಓಡುವುದು ಹೊರಗೆ ನಿಂತವರಿಗೂ ಕೇಳಿಸುವಂತಿತ್ತು.

“ನೂರಾ ಎಂಬತ್ತು ಗಿಡಕ್ಕೆ ನೂರಾ ಎಂಬತ್ತು ಕಣ್ಣು ಬೇಕು,” ಎಂದರು. “ಕೆಂಪಿನ ಕಡ್ಡಿ ಆ ಗೇಟಿಂದ ಕೇಳಿ ತರ್ಬಹುದು, ಈ ಕಣ್ಣು ಬರೋದು ಈ ಪಾತಿಯಿಂದ ಮಾತ್ರ. ಈ ಪಾತಿ ತೆಗೆದ್ರೆ ಹದಿನೇಳೂ ಇಲ್ಲ.”

“ಪುಣೆ ಗಿಡಾನ ಎಲ್ಲಿ ಹಾಕನ ಮೊದಲಾಳಿ?” ಆವುಲಪ್ಪ ಕೇಳಿದ.

“ಬೇಲಿ ಪಕ್ಕ ಅರವತ್ತು ಚೀಲದ ಜಾಗ ಖಾಲಿ ಇದ್ಯಲ್ಲ, ಅಲ್ಲಿ.”

ಭಾಗ್ಯ ಮೆಲ್ಲಗೆ ಕೇಳಿದಳು, “ಸಾರ್, ಹಂಗಾದ್ರೆ ದೊಡ್ಡ ಪ್ಯಾಕೇಜು ತರ್ಸಿ ಬಂಗಲೆ ಹೂವಿಗೆ ಒಂದು ನಂಬರು...”

“ಯಾತಕ್ಕೆ?” ಎಂದರು ಜಯರಾಮಯ್ಯ. “ಅದಿಲ್ದೇ ನಡೀತಿದ್ಯಲ್ಲ. ಹದಿನೇಳರ ಪಕ್ಕ ಜೋಡಿ ಅಂತ ಬರಿ. ಅದಕ್ಕೆ ಜಾಗ ಇದೆ ತಾನೆ?”

“ಐತೆ ಸಾರ್. ಆರು ಅಕ್ಷರ ಹಿಡೀತದೆ.”

ಅಂಜಿನಮ್ಮನಿಗೆ ಒಂದು ಕ್ಷಣ ಮುಳ್ಳು ತಾಗಿದ ಹಾಗಾಯಿತು. ಹೆಸರು ಬರಲಿಲ್ಲ, ನಂಬರು ಬರಲಿಲ್ಲ. ಆ ಹಸಿರು ಬೆಳಕಿನೊಳಗೆ ಅವಳ ಹುಡುಗಿ ಇನ್ನೊಬ್ಬಳ ನೆರಳಾಗಿಯೇ ಇರುತ್ತಾಳೆ. ಆದರೆ ಬಾವಿಯ ಪಕ್ಕ ಬಿಸಿಲು ಬಂದಿತ್ತು. ನಿಂತಿದ್ದ ಮೂವತ್ತಮೂರು ಗಿಡದ ಹೂಗಳು ಶಂಖದ ಬಣ್ಣದಿಂದ ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತಿದ್ದವು, ಯಾರು ಬರೆದುಕೊಂಡರು ಯಾರು ಬಿಟ್ಟರು ಎಂದು ಕೇಳದೆ.

“ತಿಂಗಳೊಳಗೆ ಎಷ್ಟು ಕಣ್ಣು ಕೊಡ್ತೀಯ ಅಂಜಿನಮ್ಮ?” ಜಯರಾಮಯ್ಯ ಕೇಳಿದರು.

“ಒಂದು ಲಕ್ಷ.”

“ಸರಿಯಾಗಿ ಹೇಳು.”

“ಇನ್ನೂರು. ಅದೂ ಈ ಏಳು ಬದುಕಿದ್ರೆ.”

ಅವಳು ಕಟ್ಟೆಯಿಂದ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಿದ್ದಿದ್ದ ಮೊದಲನೇ ಗಿಡವನ್ನು ಎರಡೂ ಕೈಯಲ್ಲಿ ಎತ್ತಿದಳು. ಬೇರಿಗೆ ಇನ್ನೂ ಹಸಿ ಮಣ್ಣು ಅಂಟಿತ್ತು. ಅದನ್ನು ಅದರದೇ ಗುಂಡಿಯಲ್ಲಿ ನೆಟ್ಟಗೆ ನಿಲ್ಲಿಸಿ, ತಲೆ ಎತ್ತದೆ ಹೇಳಿದಳು:

“ಲೇ ಆವುಲಪ್ಪ, ಅಗ್ದೋನು ನೀನು. ಗುದ್ಲಿ ಆ ಕಡೆ ಮಡಗಿ ನೀರ್ ಸೇದ್ಕಂಡು ಬಾ. ಬೇಗ ಬಾ ಕಣ್ಲಾ, ಬಿಸ್ಲು ಬಂತು.”

ಆವುಲಪ್ಪ ಗುದ್ದಲಿ ಇಟ್ಟು ಬಿಂದಿಗೆ ಎತ್ತಿಕೊಂಡ. ಭಾಗ್ಯ ಕಾಗದವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿ, ಎರಡನೇ ಗಿಡದ ಹತ್ತಿರ ಕೂತಳು.